ಅರ್ಧ ಅವ್ವಂದು, ಅರ್ಧ ಅಪ್ಪಂದು



ಕಲಿಕಾ ಕೇಂದ್ರದಲ್ಲಿ ನಾವು ಅಕ್ಷರ ಕಲಿಸುತ್ತೇವೆ. ಲೆಕ್ಕ ಕಲಿಸುತ್ತೇವೆ. ರಾತ್ರಿ ಸ್ಲೇಟು ಕೆಳಗಿಟ್ಟ ಮೇಲೆ ಬೇರೆ ಮಾತು ಶುರುವಾಗ್ತದೆ. ಮಳೆ, ಬೀಜ, ಸಂಘದ ಸಾಲ, ಮನೆಯ ಜಗಳ. ಹೀಗೇ ಒಂದು ರಾತ್ರಿ ಎರಡು ಪ್ರಶ್ನೆ ಬಂದವು.

ಮೊದಲು ಕೇಳಿದವರು ಒಬ್ಬ ಅಣ್ಣ. "ಹೋದ ವರ್ಷ ಹೈಬ್ರಿಡ್ ಮೆಕ್ಕೆಜೋಳ ಹಾಕಿದ್ದೆ. ಬೆಳಿ ಚೊಲೋ ಬಂತು. ಅದರಾಗ ಒಳ್ಳೊಳ್ಳೆ ತೆನಿ ಆರಿಸಿ ಬೀಜಕ್ಕಂತ ಇಟ್ಟೆ. ಈ ವರ್ಷ ಅದನ್ನೇ ಬಿತ್ತಿದೆ. ಒಂದು ಗಿಡ ಎತ್ತರ, ಒಂದು ಗಿಡ್ಡ. ತೆನಿನೂ ಸಣ್ಣವು. ನನ್ನ ಹೊಲಕ್ಕ ಯಾರ ಕಣ್ಣು ಬಿತ್ತು ಮೇಷ್ಟ್ರೆ?"

ಎರಡನೆಯದು ಒಬ್ಬ ಅಕ್ಕನ ಪ್ರಶ್ನೆ. ಆಕೆ ಯಾವಾಗಲೂ ಗೋಡೆಗೆ ಒರಗಿ ಹಿಂದೆ ಕೂಡುವವಳು. ಮಾತು ಕಡಿಮೆ. "ನನಗ ಮೂರೂ ಹೆಣ್ಣೇ ಆದವು. ನಿನ್ನ ಹೊಟ್ಟೀನೇ ಸರಿ ಇಲ್ಲ ಅಂತಾಳ ನಮ್ಮತ್ತಿ. ಮಗನಿಗೆ ಇನ್ನೊಂದು ಮದಿವಿ ಮಾಡ್ತೀನಿ ಅಂತ ಕುಂತಾಳ. ಇದರಾಗ ನನ್ನ ತಪ್ಪು ಏನೈತಿ?"

ಒಂದು ಹೊಲದ ಪ್ರಶ್ನೆ. ಒಂದು ಹೊಟ್ಟೆಯ ಪ್ರಶ್ನೆ. ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿ ಸಿಗ್ತದೆ. ಆ ಜಾಗ ಬಹಳ ಸಣ್ಣದು, ಬರಿ ಕಣ್ಣಿಗೆ ಕಾಣುವುದಿಲ್ಲ. ಆ ರಾತ್ರಿ ಅರ್ಧ ಹೇಳಿದೆವು. ಉಳಿದದ್ದನ್ನು ಈಗ ಬರೆಯುತ್ತಿದ್ದೇವೆ. ನಿಧಾನವಾಗಿ ಓದಿ. ತಿಳಿಯದಿದ್ದರೆ ಇನ್ನೊಮ್ಮೆ ಓದಿ.

ಜೀವಕೋಶದ ಒಳಗೆ

ಮನೆಯನ್ನು ಇಟ್ಟಿಗೆಯಿಂದ ಕಟ್ಟುತ್ತಾರೆ. ನಮ್ಮ ಮೈ ಜೀವಕೋಶಗಳಿಂದ ಕಟ್ಟಿದ್ದು. ಚರ್ಮ, ರಕ್ತ, ಎಲುಬು ಎಲ್ಲದರಲ್ಲೂ ಜೀವಕೋಶಗಳಿವೆ. ದನ, ಕುರಿ, ಮೆಕ್ಕೆಜೋಳ, ಬೇವಿನ ಮರ, ಇವಕ್ಕೂ ಹಾಗೇ. ಜೀವಕೋಶವನ್ನು ನೋಡಬೇಕಾದರೆ ಸೂಕ್ಷ್ಮದರ್ಶಕ ಬೇಕು.

ಜೀವಕೋಶದ ನಡುವೆ ಒಂದು ಗಂಟು ಇರ್ತದೆ. ಆ ಗಂಟಿನೊಳಗೆ ಸಣ್ಣ ಸಣ್ಣ ಎಳೆಗಳಿವೆ. ಬಣ್ಣ ಹಾಕಿದಾಗ ಅವು ಚೆನ್ನಾಗಿ ಕಾಣುತ್ತವೆ. ಅದಕ್ಕೇ ಅವಕ್ಕೆ ವರ್ಣತಂತು ಅಂತ ಹೆಸರು. ವರ್ಣ ಅಂದರೆ ಬಣ್ಣ, ತಂತು ಅಂದರೆ ಎಳೆ. ಕಣ್ಣಿನ ಬಣ್ಣ, ಮೈ ಬಣ್ಣ, ಎತ್ತರ, ಕೂದಲು ಗುಂಗುರೋ ನೇರವೋ, ಇಂಥ ಎಷ್ಟೋ ಸಂಗತಿಗಳ ಬರಹ ಈ ಎಳೆಗಳ ಮೇಲಿದೆ. ನೀವು ಈಗ ಓದುತ್ತಿರುವ ಸಾಲಿನ ಹಾಗೇ ಅಂದುಕೊಳ್ಳಿ. ನಾವು ಓದಲು ಕಲಿಯುವ ಮೊದಲೇ ನಮ್ಮ ಮೈ ಈ ಬರಹ ಓದುತ್ತಿತ್ತು!

ಮನುಷ್ಯರಿಗೆ ಈ ಎಳೆಗಳು 46. ಇದನ್ನು ಸರಿಯಾಗಿ ಎಣಿಸಿದ್ದು 1956ರಲ್ಲಿ. ಅದಕ್ಕೂ ಮೊದಲು ವಿಜ್ಞಾನಿಗಳೇ 48 ಅಂತ ತಪ್ಪು ಎಣಿಸಿದ್ದರು. ಮೆಕ್ಕೆಜೋಳಕ್ಕೆ 20. ಕುರಿಗೆ 54. ಆಡಿಗೆ 60. ಕೋಳಿಗೆ 78. ಕೋಳಿಗೆ ಹೆಚ್ಚು ಇವೆ ಅಂತ ಅದು ನಮಗಿಂತ ಜಾಣ ಅಲ್ಲ. ಎಣಿಕೆಗೂ ಜಾಣತನಕ್ಕೂ ಸಂಬಂಧ ಇಲ್ಲ.

ಇನ್ನೊಂದು ಮಾತು ನೆನಪಿಡಿ. ಈ ಎಳೆಗಳು ಜೋಡೆತ್ತಿನ ಹಾಗೆ ಜೊತೆ ಜೊತೆಯಾಗಿವೆ. 46 ಅಂದರೆ 23 ಜೊತೆ. ಪ್ರತಿ ಜೊತೆಯಲ್ಲಿ ಒಂದು ಅವ್ವನಿಂದ ಬಂದದ್ದು, ಒಂದು ಅಪ್ಪನಿಂದ ಬಂದದ್ದು.

ಈಗ ಒಂದು ಲೆಕ್ಕ ಮಾಡೋಣ. ಅವ್ವನಿಗೆ 46, ಅಪ್ಪನಿಗೆ 46. ಇಬ್ಬರದೂ ಕೂಡಿ ಮಗು ಆಗುವುದಾದರೆ ಮಗುವಿಗೆ 92 ಆಗಬೇಕಲ್ಲ? ಆ ಮಗುವಿನ ಮಗುವಿಗೆ 184. ಆದರೆ ಮಗುವಿಗೂ 46 ಎಳೆಗಳೇ ಇವೆ. ಅಜ್ಜನಿಗೂ ಅಷ್ಟೇ, ಮೊಮ್ಮಗಳಿಗೂ ಅಷ್ಟೇ. ಹಾಗಾದರೆ ಎಲ್ಲೋ ಒಂದು ಕಡೆ ಅರ್ಧಕ್ಕೆ ಇಳಿಯಲೇಬೇಕು.

ಎಲ್ಲಿ ಇಳಿಯುತ್ತದೆ ಅಂತ ತೋರಿಸಿದ್ದು ಒಂದು ಜಂತುಹುಳ. 1883ರಲ್ಲಿ ಬೆಲ್ಜಿಯಂ ದೇಶದ ವಾನ್ ಬೆನೆಡೆನ್ ಎಂಬ ವಿಜ್ಞಾನಿ ಕುದುರೆಯ ಹೊಟ್ಟೆಯ ಜಂತುಹುಳ ನೋಡುತ್ತಿದ್ದರು. ಆ ಹುಳದ ಜೀವಕೋಶದಲ್ಲಿ ನಾಲ್ಕೇ ಎಳೆ. ಎಣಿಸಲು ಸುಲಭ. ಅದರ ಹೆಣ್ಣಿನ ಅಂಡಾಣುವಿನಿಂದ ಬಂದದ್ದು ಎರಡೇ ಎಳೆ. ಗಂಡಿನ ವೀರ್ಯಾಣುವಿನಿಂದ ಬಂದದ್ದೂ ಎರಡೇ. ಎರಡು ಎರಡು ಕೂಡಿ ಮತ್ತೆ ನಾಲ್ಕು. ಜಂತುಹುಳ ಅಂದರೆ ನಾವು ಮೂಗು ಮುರಿಯುತ್ತೇವೆ. ಆದರೆ ಮನುಷ್ಯನ ಹುಟ್ಟಿನ ಲೆಕ್ಕ ತಿಳಿಯಲು ಅದೂ ಉಪಕಾರಕ್ಕೆ ಬಂತು.

ಪಾಲು ಹಂಚುವ ಬಗೆ

ಕೈಗೆ ಕುಡುಗೋಲು ತಾಗಿ ಗಾಯ ಆಗ್ತದೆ. ಎಂಟು ದಿನಕ್ಕೆ ಚರ್ಮ ಕೂಡಿಕೊಳ್ಳುತ್ತದೆ. ಅಲ್ಲಿ ಹೊಸ ಜೀವಕೋಶಗಳು ಹುಟ್ಟಿದವು. ಒಂದು ಜೀವಕೋಶ ತನ್ನ 46 ಎಳೆಗೂ ಒಂದೊಂದು ನಕಲು ಮಾಡಿಕೊಳ್ಳುತ್ತದೆ. 92 ಆಗುತ್ತವೆ. ಆಮೇಲೆ ಎರಡು ಹೋಳಾಗುತ್ತದೆ. ಎರಡಕ್ಕೂ 46. ಇದು ದಿನನಿತ್ಯದ ಕೆಲಸ. ಮೈಯಲ್ಲಿ ಎಲ್ಲಾ ಕಡೆ ನಡೆಯುವಂಥದ್ದು. ಇದಕ್ಕೆ ಮೈಟೋಸಿಸ್ ಅಂತ ಹೆಸರು.

ಅರ್ಧ ಮಾಡುವ ಕೆಲಸ ಬೇರೆ. ಅದು ಎಲ್ಲಾ ಕಡೆ ನಡೆಯುವುದಿಲ್ಲ. ಗಂಡಸರಲ್ಲಿ ವೃಷಣದಲ್ಲಿ, ಹೆಂಗಸರಲ್ಲಿ ಹೊಟ್ಟೆಯೊಳಗಿನ ಅಂಡಾಶಯದಲ್ಲಿ, ಗಿಡಗಳಲ್ಲಿ ಹೂವಿನಲ್ಲಿ ಮಾತ್ರ. ಇದಕ್ಕೆ ಮಿಯಾಸಿಸ್ ಅಂತಾರೆ. ಹೆಸರು ನಾಲಿಗೆಗೆ ತಿರುಗದಿದ್ದರೆ ಬಿಡಿ. 'ಅರೆ ಪಾಲು' ಅಂತ ಅನ್ನಿ, ಸಾಕು.

ಅರೆ ಪಾಲು ಹೇಗೆ ನಡೆಯುತ್ತದೆ? ಅಣ್ಣತಮ್ಮ ಬೇರೆಯಾಗುವುದನ್ನು ನೋಡಿದ್ದೀರಿ. ಮನೆಯಲ್ಲಿ 23 ಜೋಡೆತ್ತು ಇವೆ ಅಂತ ತಿಳಿಯಿರಿ. ಪ್ರತಿ ಜೋಡಿಯಲ್ಲಿ ಒಂದು ಎತ್ತು ಅವ್ವನ ತವರಿಂದ ಬಂದದ್ದು. ಇನ್ನೊಂದು ಅಪ್ಪನ ಮನೆಯದು. ಈಗ ಪಾಲಾಗಬೇಕು. ಇಲ್ಲಿ ಕಟ್ಟು ಒಂದೇ: ಪ್ರತಿ ಜೋಡಿಯಿಂದ ಒಬ್ಬನಿಗೆ ಒಂದೇ ಎತ್ತು. ಒಂದೇ ಜೋಡಿಯ ಎರಡೂ ಎತ್ತು ಒಬ್ಬನೇ ಹೊಡೆದುಕೊಂಡು ಹೋಗುವ ಹಾಗಿಲ್ಲ. ಆದರೆ ಯಾವ ಎತ್ತು ಯಾರಿಗೆ ಅನ್ನುವುದು ಚೀಟಿ ಎತ್ತಿದ ಹಾಗೆ. ಮೊದಲ ಜೋಡಿಯಲ್ಲಿ ಅವ್ವನ ಎತ್ತು ಬಂದೀತು. ಎರಡನೆಯದರಲ್ಲಿ ಅಪ್ಪನದು ಬಂದೀತು. ಮೂರನೆಯದರಲ್ಲೂ ಅಪ್ಪನದೇ ಬಂದೀತು. ಹೇಳಲಿಕ್ಕೆ ಆಗುವುದಿಲ್ಲ.

ಜೀವಕೋಶದಲ್ಲಿ ನಡೆಯುವುದೂ ಇದೇ. ಸ್ವಲ್ಪ ವಿವರ ಹೆಚ್ಚು. ಮೊದಲು ಇಲ್ಲಿಯೂ 46 ಎಳೆಗೆ ನಕಲು ಆಗ್ತದೆ. ಒಟ್ಟು 92. ಆದರೆ ಇಲ್ಲಿ ಜೀವಕೋಶ ಒಮ್ಮೆ ಒಡೆದು ಸುಮ್ಮನಾಗುವುದಿಲ್ಲ. ಎರಡು ಸಲ ಒಡೆಯುತ್ತದೆ. ಮೊದಲ ಸಲ ಜೋಡಿಗಳು ಅಗಲುತ್ತವೆ. ಎರಡನೆಯ ಸಲ ನಕಲುಗಳು ಅಗಲುತ್ತವೆ. ಒಂದು ಕೋಶ ನಾಲ್ಕು ಪಾಲು ಆಯ್ತು. 92ನ್ನು 4ರಿಂದ ಭಾಗಿಸಿ. 23 ಬಂತಲ್ಲ? ಒಂದೊಂದರಲ್ಲೂ 23 ಎಳೆ. ಜೊತೆ ಇಲ್ಲದ ಒಂಟಿ ಎಳೆಗಳು. ಇದೇ ಲಿಂಗಾಣು. ಗಂಡಿನದು ವೀರ್ಯಾಣು, ಹೆಣ್ಣಿನದು ಅಂಡಾಣು.

ಅಗಲುವ ಮೊದಲು ಒಂದು ವಿಚಿತ್ರ ನಡೆಯುತ್ತದೆ. ಅವ್ವನ ಎಳೆ, ಅಪ್ಪನ ಎಳೆ ಒಂದರ ಪಕ್ಕ ಒಂದು ಅಂಟಿಕೊಂಡು ಮಲಗುತ್ತವೆ. ಆಗ ಅಲ್ಲಲ್ಲಿ ತುಂಡು ಬದಲಾಯಿಸಿಕೊಳ್ಳುತ್ತವೆ. ಕೆಂಪು ಮಣಿಸರ, ಹಸಿರು ಮಣಿಸರ ಎರಡನ್ನೂ ಅದೇ ಜಾಗದಲ್ಲಿ ಕತ್ತರಿಸಿ, ಇದರ ತುದಿ ಅದಕ್ಕೆ, ಅದರ ತುದಿ ಇದಕ್ಕೆ ಪೋಣಿಸಿದ ಹಾಗೆ. ಈಗ ಸರದಲ್ಲಿ ಕೆಂಪೂ ಇದೆ, ಹಸಿರೂ ಇದೆ.

ಈ ಚೀಟಿ ಎತ್ತುವುದರಲ್ಲಿ ಎಷ್ಟು ಬಗೆ ಇದೆ ಅಂತ ನಮ್ಮ ಕೇಂದ್ರದಲ್ಲಿ ಲೆಕ್ಕ ಹಾಕಿದೆವು. ಒಂದು ಜೋಡಿ ಇದ್ದರೆ 2 ಬಗೆ. ಎರಡು ಜೋಡಿಗೆ 4. ಮೂರು ಜೋಡಿಗೆ 8. ಹೀಗೇ 23 ಸಲ ದುಪ್ಪಟ್ಟು ಮಾಡಬೇಕು. ಸ್ಲೇಟು ಸಾಲಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು. ಕೊನೆಗೆ ಬಂದದ್ದು 83,88,608. ಹೆಚ್ಚು ಕಡಿಮೆ 84 ಲಕ್ಷ! ಒಬ್ಬ ಅಜ್ಜ ಕೈ ಮುಗಿದೇಬಿಟ್ಟರು. "ಎಂಬತ್ನಾಲ್ಕು ಲಕ್ಷ ಜೀವರಾಶಿ ಅಂತ ಹಿರಿಯರು ಹೇಳಿದ್ದು ಇದನ್ನೇ" ಅಂದರು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಎಣಿಕೆ ಮಾತ್ರ ಹತ್ತಿರ ಬಂದಿದೆ ಅಂದೆವು. ಅವರು ಒಪ್ಪಿದ ಹಾಗೆ ಕಾಣಲಿಲ್ಲ.

84 ಲಕ್ಷ ಬಗೆ ಒಬ್ಬರದಾಯ್ತು. ಗಂಡ ಹೆಂಡತಿ ಇಬ್ಬರದೂ ಗುಣಿಸಿದರೆ ಸುಮಾರು 70 ಲಕ್ಷ ಕೋಟಿ. ಇದು ಮಣಿ ಬದಲಾಯಿಸಿದ್ದನ್ನು ಬಿಟ್ಟು! ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ ತಂಗಿ ಯಾಕೆ ಒಂದೇ ತರ ಇರುವುದಿಲ್ಲ ಅಂತ ಈಗ ಗೊತ್ತಾಯ್ತಲ್ಲ.

ಗಂಡಸಿಗೂ ಹೆಂಗಸಿಗೂ ಇದರಲ್ಲಿ ಒಂದು ವ್ಯತ್ಯಾಸ ಇದೆ. ಗಂಡು ಹುಡುಗ ದೊಡ್ಡವನಾದ ಮೇಲೆ ಈ ಕೆಲಸ ಶುರುವಾಗ್ತದೆ. ದಿನಾಲೂ ಕೋಟಿಗಟ್ಟಲೆ ವೀರ್ಯಾಣು ತಯಾರಾಗುತ್ತವೆ. ಹೆಣ್ಣಿನಲ್ಲಿ ಹಾಗಲ್ಲ. ಹೆಣ್ಣು ಮಗು ಇನ್ನೂ ತನ್ನ ತಾಯಿಯ ಗರ್ಭದಲ್ಲಿ ಇರುವಾಗಲೇ ಅದರ ಅಂಡಾಶಯದಲ್ಲಿ ಅರೆ ಪಾಲು ಶುರುವಾಗಿರ್ತದೆ. ಶುರುವಾಗಿ ಅರ್ಧಕ್ಕೆ ನಿಂತುಬಿಡುತ್ತದೆ. ಹುಡುಗಿ ಮೈನೆರೆದ ಮೇಲೆ ತಿಂಗಳಿಗೆ ಸಾಮಾನ್ಯವಾಗಿ ಒಂದರಂತೆ ಮುಂದುವರಿಯುತ್ತದೆ. ನಾಲ್ಕು ಪಾಲಿನಲ್ಲಿ ಒಂದು ಮಾತ್ರ ದೊಡ್ಡ ಅಂಡಾಣು ಆಗ್ತದೆ. ಬುತ್ತಿಯೆಲ್ಲ ಅದಕ್ಕೇ. ಉಳಿದವು ಸಣ್ಣವಾಗಿ ಕರಗಿ ಹೋಗುತ್ತವೆ.

ಇದನ್ನು ಸ್ವಲ್ಪ ಯೋಚನೆ ಮಾಡಿ. ನಿಮ್ಮ ಅವ್ವ ನಿಮ್ಮ ಅಜ್ಜಿಯ ಹೊಟ್ಟೆಯಲ್ಲಿ ಇದ್ದಾಗಲೇ, ಮುಂದೆ ನೀವಾಗುವ ಅಂಡಾಣು ಆಕೆಯೊಳಗೆ ಕೂತಿತ್ತು. ಅಜ್ಜಿ ಆ ದಿನ ಕಳೆ ಕೀಳಲು ಹೋಗಿದ್ದರೆ ನೀವೂ ಅರ್ಧ ಆಳು ಹೋಗಿದ್ದಿರಿ.

ಅಷ್ಟು ವರ್ಷ ಕಾದು ಕೂತ ಎಳೆಗಳು ಕೆಲವು ಸಲ ಸರಿಯಾಗಿ ಅಗಲುವುದಿಲ್ಲ. 21ನೆಯ ಜೋಡಿಯ ಎರಡೂ ಎಳೆ ಒಂದೇ ಅಂಡಾಣುವಿಗೆ ಹೋಗಿಬಿಡುತ್ತವೆ. ಆಗ ಮಗುವಿಗೆ 47 ಎಳೆ. ಇದಕ್ಕೆ ಡೌನ್ ಸಿಂಡ್ರೋಮ್ ಅಂತಾರೆ. ಆ ಮಕ್ಕಳ ಮುಖದ ಚಹರೆ ಬೇರೆ. ಕಲಿಯುವುದು ನಿಧಾನ. ತಾಯಿಯ ವಯಸ್ಸು 35 ದಾಟಿದ ಮೇಲೆ ಹೀಗಾಗುವುದು ಹೆಚ್ಚು. ಚಿಕ್ಕ ವಯಸ್ಸಿನ ತಾಯಿಗೂ ಆಗಬಹುದು. ಗ್ರಹಣ ನೋಡಿದ್ದಕ್ಕೆ ಆಯ್ತು, ಶಾಪದಿಂದ ಆಯ್ತು ಅನ್ನುವುದು ಸುಳ್ಳು. ಇಂಥ ಮಕ್ಕಳೂ ನಮ್ಮ ಶಾಲೆಗಳಲ್ಲಿ ಕಲಿಯುತ್ತಿದ್ದಾರೆ. ಕಳಿಸಿಕೊಡಿ.

ಮೆಕ್ಕೆಜೋಳಕ್ಕೆ ಏನಾಯ್ತು?

ಈಗ ಆ ಅಣ್ಣನ ಹೊಲಕ್ಕೆ ಬರೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲೂಕಿನಲ್ಲಿ ಮಳೆ ನಂಬಿದ ಹೊಲಗಳೇ ಹೆಚ್ಚು. ಒಂದು ಬೀಜದ ಚೀಲ ತಪ್ಪಿದರೆ ಒಂದು ವರ್ಷ ತಪ್ಪಿದ ಹಾಗೆ. ಅದಕ್ಕೆ ಇದನ್ನು ಬಿಡಿಸಿ ಹೇಳುತ್ತೇವೆ.

ಹೈಬ್ರಿಡ್ ಬೀಜ ಹೇಗೆ ಮಾಡುತ್ತಾರೆ? ಎರಡು ತಳಿ ತಗೊಳ್ಳುತ್ತಾರೆ. ಒಂದೊಂದನ್ನೂ ಅದರ ಪರಾಗವನ್ನೇ ಅದಕ್ಕೆ ಹಾಕಿ ಎಷ್ಟೋ ಬೆಳೆ ಬೆಳೆಸುತ್ತಾರೆ. ಹಾಗೆ ಮಾಡುತ್ತಾ ಹೋದರೆ ಅದರ ಪ್ರತಿ ಜೋಡಿಯ ಎರಡೂ ಎಳೆ ಒಂದೇ ತರ ಆಗುತ್ತವೆ. ಎತ್ತಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಮನೆಯಲ್ಲಿ ಎಲ್ಲಾ ಬಿಳಿ ಜೋಡಿ. ಇನ್ನೊಂದು ಮನೆಯಲ್ಲಿ ಎಲ್ಲಾ ಕೆಂದು ಜೋಡಿ. ಬಿಳಿ ಮನೆಯಿಂದ ಯಾವ ಎತ್ತು ಬಂದರೂ ಬಿಳಿಯದೇ. ಕೆಂದು ಮನೆಯಿಂದ ಯಾವುದು ಬಂದರೂ ಕೆಂದೇ. ಚೀಟಿ ಎತ್ತುವ ಮಾತೇ ಇಲ್ಲ. ಇವೆರಡನ್ನೂ ಕೂಡಿಸಿದರೆ ಹುಟ್ಟುವ ಬೀಜದಲ್ಲಿ ಪ್ರತಿ ಜೋಡಿಗೂ ಒಂದು ಬಿಳಿ, ಒಂದು ಕೆಂದು. ಎಲ್ಲಾ ಗಿಡವೂ ಒಂದೇ ತರ. ಒಂದೇ ಎತ್ತರ, ಒಂದೇ ಸಲ ತೆನೆ. ಇಂಥ ಬೆರಕೆಗೆ ಜೋರೂ ಹೆಚ್ಚು. ಕಂಪನಿ ಮಾರುವುದು ಇದನ್ನೇ.

ಆ ಗಿಡ ನಿಮ್ಮ ಹೊಲದಲ್ಲಿ ಹೂ ಬಿಟ್ಟಾಗ ಏನಾಗ್ತದೆ? ತುದಿಯಲ್ಲಿ ಗಂಡು ಹೂವಿನ ಗೊಂಚಲು ಬರ್ತದೆ. ಅಲ್ಲಿ ಅರೆ ಪಾಲು ನಡೆಯುತ್ತದೆ. ಈಗ ಜೋಡಿಯಲ್ಲಿ ಒಂದು ಬಿಳಿ, ಒಂದು ಕೆಂದು ಇದೆಯಲ್ಲ! ಚೀಟಿ ಎತ್ತಲೇಬೇಕು. ಮೆಕ್ಕೆಜೋಳಕ್ಕೆ ಹತ್ತು ಜೋಡಿ. ಹತ್ತು ಸಲ ದುಪ್ಪಟ್ಟು ಮಾಡಿದರೆ 1,024 ಬಗೆಯ ಪರಾಗ. ಕೆಳಗೆ ತೆನೆಯಲ್ಲೂ ಹಾಗೇ 1,024 ಬಗೆ. ತೆನೆಯ ತುದಿಯಲ್ಲಿ ಕೂದಲು ಇರ್ತದಲ್ಲ, ಆ ಒಂದೊಂದು ಕೂದಲಿಗೂ ಒಂದು ಪರಾಗದ ಕಣ ಕೂತು ಒಂದೊಂದು ಕಾಳು ಕಟ್ಟುತ್ತದೆ. ಅಂದರೆ ಒಂದೇ ತೆನೆಯ ಕಾಳುಗಳೂ ಬೇರೆ ಬೇರೆ ಪಾಲು ಪಡೆದ ಅಣ್ಣತಮ್ಮಂದಿರು. ಕಣ್ಣಿಗೆ ಒಂದೇ ತರ ಕಾಣುತ್ತವೆ. ಬಿತ್ತಿದ ಮೇಲೆ ಬಣ್ಣ ಬಯಲಾಗ್ತದೆ. ಕೆಲವು ಜೋಡಿ ಬಿಳಿ-ಬಿಳಿ ಆಗಿರುತ್ತವೆ, ಕೆಲವು ಕೆಂದು-ಕೆಂದು. ಬೆರಕೆ ಉಳಿಯುವುದು ಅರ್ಧದಷ್ಟು ಮಾತ್ರ. ಬೆರಕೆಯಿಂದ ಬಂದ ಜೋರೂ ಇಳಿಯುತ್ತದೆ.

ಆದ್ದರಿಂದ ಆ ಅಣ್ಣನ ಹೊಲಕ್ಕೆ ಯಾರ ಕಣ್ಣೂ ಬಿದ್ದಿಲ್ಲ. ಅವರು ಆರಿಸಿದ್ದರಲ್ಲೂ ತಪ್ಪಿಲ್ಲ. ಎಷ್ಟೇ ದಪ್ಪ ತೆನೆ ಆರಿಸಿದರೂ ಹೈಬ್ರಿಡ್‌ನಲ್ಲಿ ಹೀಗೇ ಆಗುವುದು. ಊರ ಜೋಳ, ನವಣೆ, ರಾಗಿಯ ಮಾತು ಬೇರೆ. ಅವು ಬಹುಮಟ್ಟಿಗೆ ತಮ್ಮ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಜೋಡಿಗಳು ಮೊದಲೇ ಒಂದೇ ಬಣ್ಣ. ಅಜ್ಜಿಯರು ತೆನೆ ಆರಿಸಿ, ಬೂದಿ ಕಲಸಿ ಇಟ್ಟ ಬೀಜ ಮುಂದಿನ ವರ್ಷವೂ ಹಾಗೇ ಬರುತ್ತಿತ್ತು. ಹೈಬ್ರಿಡ್ ಬೇಕಾದರೆ ಪ್ರತಿ ವರ್ಷ ಹೊಸ ಬೀಜ ಕೊಳ್ಳಬೇಕು. ಕೊಂಡಾಗ ರಸೀದಿ ಕೇಳಿ. ಚೀಲದ ಮೇಲಿನ ಚೀಟಿಯಲ್ಲಿ ತಾರೀಖು ಓದಿ. ಈಗ ನಿಮಗೆ ಓದಲು ಬರ್ತದಲ್ಲ!

ಹತ್ತಿಯ ಕತೆಯೂ ಇದೇ. 1972ರಲ್ಲಿ ಧಾರವಾಡದಲ್ಲಿ ಡಾ. ಕಾತರಕಿ ಅವರು 'ವರಲಕ್ಷ್ಮಿ' ಎಂಬ ಹೈಬ್ರಿಡ್ ಹತ್ತಿ ತಂದರು. ಎರಡು ಬೇರೆ ಜಾತಿಯ ಹತ್ತಿ ಕೂಡಿಸಿದ್ದು. ಎಳೆ ಉದ್ದ, ನಯ. ನಿಮ್ಮ ಮನೆಯ ಹಿರಿಯರಿಗೆ ಆ ಹೆಸರು ನೆನಪಿದ್ದೀತು. ಇಂಥ ಬೀಜ ಮಾಡುವುದು ಕೈಯಿಂದ. ಸಂಜೆ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಅದರ ಗಂಡು ಭಾಗ ಕಿತ್ತು ಹಾಕಬೇಕು. ಮಾರನೆಯ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದರ ಪರಾಗ ಸವರಬೇಕು. ಕ್ರಾಸಿಂಗ್ ಕೆಲಸ ಅಂತ ಹೆಂಗಸರು ಕೂಲಿಗೆ ಹೋಗುವುದು ಇದಕ್ಕೇ. ಬೆರಳು ಸಣ್ಣ ಇರಬೇಕು ಅಂತ ಹುಡುಗಿಯರನ್ನು ಶಾಲೆ ಬಿಡಿಸಿ ಹಚ್ಚಿದ್ದೂ ಉಂಟು. ಒಂದು ಗಿಡದ ಅರ್ಧ, ಇನ್ನೊಂದು ಗಿಡದ ಅರ್ಧ ಕೂಡಿಸುವ ಕೆಲಸವನ್ನು ಕೈಯಾರೆ ಮಾಡಿದವರಿಗೆ ನಾವು ಹೊಸದಾಗಿ ಹೇಳುವುದು ಕಡಿಮೆ. ಅವರಿಗೆ ಹೆಸರು ಗೊತ್ತಿರಲಿಲ್ಲ, ಅಷ್ಟೆ.

ಹಡಗಲಿಯ ಮಲ್ಲಿಗೆ ಮಾತ್ರ ಈ ಚೀಟಿಯ ಗೊಡವೆಗೆ ಹೋಗಿಲ್ಲ. ಹೂವಿನ ಹಡಗಲಿ ಅಂತಲೇ ಊರಿನ ಹೆಸರು. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯಲ್ಲಿ ಹಡಗಿನ ಮೇಲೆ ಹೂ ಹೋಗುತ್ತಿತ್ತು ಅಂತ ಜನ ಹೇಳ್ತಾರೆ. ಈಗ ಹಡಗಲಿ ಮಲ್ಲಿಗೆಗೆ ಸರ್ಕಾರದ ಭೌಗೋಳಿಕ ಗುರುತೂ ಸಿಕ್ಕಿದೆ. ಈ ಮಲ್ಲಿಗೆಯನ್ನು ಬೀಜ ಹಾಕಿ ಬೆಳೆಸುವುದಿಲ್ಲ. ಕಡ್ಡಿ ಕತ್ತರಿಸಿ ನೆಡುತ್ತಾರೆ. ಕಡ್ಡಿ ಚಿಗುರುವುದು ಗಾಯ ಮಾಯುವ ರೀತಿಯ ಒಡೆತದಿಂದ. ಅಲ್ಲಿ ಅರ್ಧ ಆಗುವುದಿಲ್ಲ, ಪಾಲು ಇಲ್ಲ. ಹೊಸ ಗಿಡ ಅಂದರೆ ಹಳೆಯ ಗಿಡವೇ. ಅದಕ್ಕೇ ಆ ವಾಸನೆ ಕೆಡದೆ ಬಂದಿದೆ.

ಬಾಳೆಯದು ಇನ್ನೊಂದು ತಮಾಷೆ. ಪಚ್ಚಬಾಳೆ ಹಣ್ಣು ಮುರಿದು ನೋಡಿ. ನಡುವೆ ಸಣ್ಣ ಕಪ್ಪು ಚುಕ್ಕೆ ಬಿಟ್ಟರೆ ಬೀಜ ಇಲ್ಲ. ಅದರ ಎಳೆ 33. ಜೊತೆ ಜೊತೆ ಅಲ್ಲ, ಮೂರು ಮೂರು. ಮೂರು ಎತ್ತನ್ನು ಇಬ್ಬರಿಗೆ ಸಮ ಹಂಚಲಿಕ್ಕೆ ಆಗ್ತದೇನು? ಪಾಲು ಕೂಡುವುದಿಲ್ಲ, ಬೀಜ ಕಟ್ಟುವುದಿಲ್ಲ. ಕಂದು ಕಿತ್ತು ನೆಡಬೇಕು. ಹೇಸರಗತ್ತೆಯೂ ಹೀಗೆ. ಕುದುರೆಗೆ 64 ಎಳೆ, ಕತ್ತೆಗೆ 62. ಅರ್ಧ ಅರ್ಧ ಕೂಡಿದರೆ 32 ಮತ್ತು 31. ಹೇಸರಗತ್ತೆಗೆ 63. ಅದರ ಎಳೆಗಳಿಗೆ ಸರಿ ಜೋಡಿ ಸಿಗುವುದಿಲ್ಲ. ಅದಕ್ಕೆ ಮರಿ ಆಗುವುದಿಲ್ಲ.

ಹೆಣ್ಣೋ ಗಂಡೋ?

ಈಗ ಆ ಅಕ್ಕನ ಪ್ರಶ್ನೆ. ಇಷ್ಟು ಓದಿದ್ದು ಇದಕ್ಕೇ.

ನಮ್ಮ 23 ಜೋಡಿಯಲ್ಲಿ 22 ಜೋಡಿ ಹೆಣ್ಣಿಗೂ ಗಂಡಿಗೂ ಒಂದೇ ತರ. ಕೊನೆಯ ಒಂದು ಜೋಡಿ ಮಾತ್ರ ಬೇರೆ. ಹೆಂಗಸರಲ್ಲಿ ಆ ಜೋಡಿಯ ಎರಡೂ ಎಳೆ ಉದ್ದ. ಅದಕ್ಕೆ ಎಕ್ಸ್ ಅಂತ ಹೆಸರು. ಗಂಡಸರಲ್ಲಿ ಒಂದು ಉದ್ದದ್ದು ಎಕ್ಸ್, ಇನ್ನೊಂದು ಮೋಟು. ಆ ಮೋಟು ಎಳೆಗೆ ವೈ ಅಂತ ಹೆಸರು.

ಅರೆ ಪಾಲು ಆಗುವಾಗ ಈ ಜೋಡಿಯೂ ಅಗಲಬೇಕು. ತಾಯಿಯ ಹತ್ತಿರ ಇರುವುದು ಎಕ್ಸ್, ಎಕ್ಸ್. ಯಾವುದು ಹೋದರೂ ಎಕ್ಸ್. ಪ್ರತಿ ಅಂಡಾಣುವಿಗೂ ಎಕ್ಸ್. ಆಕೆಯ ಹತ್ತಿರ ಕೊಡಲಿಕ್ಕೆ ಬೇರೆ ಎಳೆಯೇ ಇಲ್ಲ. ತಂದೆಯ ಹತ್ತಿರ ಎಕ್ಸ್, ವೈ ಎರಡೂ ಇವೆ. ಅರ್ಧದಷ್ಟು ವೀರ್ಯಾಣುವಿಗೆ ಎಕ್ಸ್ ಹೋಗ್ತದೆ. ಇನ್ನರ್ಧಕ್ಕೆ ವೈ. ಎಕ್ಸ್ ಇರುವ ವೀರ್ಯಾಣು ಅಂಡಾಣುವನ್ನು ಕೂಡಿದರೆ ಹೆಣ್ಣು ಮಗು. ವೈ ಇರುವುದು ಕೂಡಿದರೆ ಗಂಡು ಮಗು.

ಇದನ್ನು 1905ರಲ್ಲಿ ಕಂಡುಹಿಡಿದವರಲ್ಲಿ ಅಮೆರಿಕದ ಒಬ್ಬ ಹೆಣ್ಣುಮಗಳು ಇದ್ದರು. ಹೆಸರು ನೆಟ್ಟಿ ಸ್ಟೀವನ್ಸ್. ಮೊದಲು ನಮ್ಮ ಹಾಗೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಆಕೆ ನೋಡಿದ್ದು ಹಿಟ್ಟಿನಲ್ಲಿ ಬೀಳುವ ಒಂದು ಜಾತಿಯ ಹುಳ. ಗಂಡು ಹುಳದ ವೀರ್ಯಾಣುಗಳಲ್ಲಿ ಅರ್ಧಕ್ಕೆ ಮೋಟು ಎಳೆ, ಅರ್ಧಕ್ಕೆ ಉದ್ದ ಎಳೆ ಇರುವುದನ್ನು ಕಂಡರು. ಮೋಟು ಎಳೆ ಬಂದರೆ ಗಂಡು ಹುಳ ಆಗ್ತದೆ ಅಂತ ಬರೆದರು.

ಹಾಗಾದರೆ ಹೆಣ್ಣೋ ಗಂಡೋ ಅನ್ನುವುದು ತಂದೆಯ ಕಡೆಯಿಂದ ಬಂದ ಎಳೆಯ ಮೇಲೆ ನಿಂತಿದೆ. ತಾಯಿಯ ಹೊಟ್ಟೆಗೆ ಇದರಲ್ಲಿ ಯಾವ ಮಾತೂ ಇಲ್ಲ. ನಾವು ಹೀಗೆ ಹೇಳಿದಾಗ ಹಿಂದೆ ಕೂತ ಹೆಂಗಸರು ಜೋರಾಗಿ ನಕ್ಕರು. "ಹಂಗಾದ್ರ ಇನ್ನ ಮೇಲೆ ಗಂಡಸರನ್ನ ಬೈಯೋಣ" ಅಂದರು ಒಬ್ಬರು. ಅದೂ ಸರಿಯಲ್ಲ. ಯಾವ ವೀರ್ಯಾಣು ಮುಂದೆ ಹೋಗ್ತದೆ ಅನ್ನುವುದು ಗಂಡಸಿನ ಕೈಯಲ್ಲೂ ಇಲ್ಲ. ಅವನು ಬೇಕಂತ ಎಕ್ಸ್ ಕಳಿಸುವುದಿಲ್ಲ, ಬೇಡಂತ ವೈ ತಡೆಯುವುದಿಲ್ಲ. (ಕೋಳಿಯಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಹುಂಜವೋ ಹೇಂಟೆಯೋ ಅನ್ನುವುದು ಹೇಂಟೆಯ ಕಡೆಯಿಂದ ಬರ್ತದೆ. ಅತ್ತೆಯ ಮಾತು ಕೋಳಿಗೂಡಿನಲ್ಲಿ ನಿಂತೀತು, ಮನೆಯಲ್ಲಿ ನಿಲ್ಲುವುದಿಲ್ಲ.)

"ಆದರೂ ಮೂರೂ ಹೆಣ್ಣೇ ಯಾಕಾದವು?" ಅಂತ ಕೇಳಿದರು. ಒಂದು ರೂಪಾಯಿ ನಾಣ್ಯ ತಗೊಂಡೆವು. ಒಂದು ಬದಿ ಹೆಣ್ಣು, ಒಂದು ಬದಿ ಗಂಡು ಅಂತ ಇಟ್ಟೆವು. ಒಬ್ಬೊಬ್ಬರೂ ಮೂರು ಮೂರು ಸಲ ಚಿಮ್ಮಿದರು. ಬಂದದ್ದನ್ನು ಸ್ಲೇಟಿನಲ್ಲಿ ಬರೆದರು. ಲೆಕ್ಕದ ಪ್ರಕಾರ ಮೂರು ಮಕ್ಕಳ ಎಂಟು ಮನೆ ಇದ್ದರೆ, ಸುಮಾರಾಗಿ ಒಂದು ಮನೆಯಲ್ಲಿ ಮೂರೂ ಹೆಣ್ಣು. ಒಂದು ಮನೆಯಲ್ಲಿ ಮೂರೂ ಗಂಡು. ಉಳಿದ ಆರು ಮನೆಯಲ್ಲಿ ಬೆರಕೆ. ನೀವೂ ಮಾಡಿ ನೋಡಿ. ನಾಣ್ಯಕ್ಕೆ ಹಿಂದಿನ ಸಲ ಏನು ಬಿತ್ತು ಅಂತ ನೆನಪಿರುವುದಿಲ್ಲ. ಮೂರು ಹೆಣ್ಣಾದ ಮೇಲೆ ನಾಲ್ಕನೆಯದು ಗಂಡೇ ಆಗ್ತದೆ ಅನ್ನುವುದೂ ಇಲ್ಲ, ಹೆಣ್ಣೇ ಆಗ್ತದೆ ಅನ್ನುವುದೂ ಇಲ್ಲ. ಪ್ರತಿ ಸಲವೂ ಅರ್ಧಕ್ಕರ್ಧ. ಗಂಡು ಮಗ ಬೇಕು ಅಂತ ಬಸುರಿನ ಮೇಲೆ ಬಸುರು ಹೊತ್ತು ಮೈ ಹಾಳಾಗುವುದು ಮಾತ್ರ ಖಂಡಿತ.

ಇನ್ನೊಂದು ಮದುವೆ ಮಾಡಿದರೆ? ಹೊಸ ಸೊಸೆಯೂ ಕೊಡುವುದು ಎಕ್ಸ್ ಒಂದೇ. ನಾಣ್ಯ ಅದೇ, ಚಿಮ್ಮುವ ಕೈಯೂ ಅದೇ. ಬದಲಾಗುವುದು ಒಂದು ಹೆಣ್ಣಿನ ಬಾಳು. ಹಿಂದೂಗಳಲ್ಲಿ ಹೆಂಡತಿ ಇರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳುವುದು 1955ರ ಕಾಯ್ದೆಯ ಪ್ರಕಾರ ಅಪರಾಧ. ಹೊಟ್ಟೆಯಲ್ಲಿ ಇರುವುದು ಹೆಣ್ಣೋ ಗಂಡೋ ಅಂತ ಸ್ಕ್ಯಾನ್ ಮಾಡಿಸಿ ಕೇಳುವುದೂ ಅಪರಾಧ, ಹೇಳುವುದೂ ಅಪರಾಧ. ಇದು 1994ರ ಕಾಯ್ದೆ. ಸ್ಕ್ಯಾನಿಂಗ್ ಮಾಡುವ ಕಡೆ ಗೋಡೆಯ ಮೇಲೆ ಬೋರ್ಡು ಹಾಕಿರುತ್ತಾರೆ, ಓದಿ. ಹರಕೆ ಹೊರುವವರು ಕೊಟ್ಟೂರಿಗೆ ಹೋಗಲಿ, ಮೈಲಾರಕ್ಕೆ ಹೋಗಲಿ, ಉಚ್ಚಂಗಿದುರ್ಗಕ್ಕೆ ಹೋಗಲಿ. ಅದು ಅವರವರ ನಂಬಿಕೆ. ಸೊಸೆಗೆ ಬೈಗಳ ಬೇಡ.

ಎರಡು ದಿನ ಬಿಟ್ಟು ಆ ಅಕ್ಕ ತಮ್ಮ ಅತ್ತೆಯನ್ನೂ ಕರಕೊಂಡು ಬಂದರು. ಅಜ್ಜಿ ಬಾಗಿಲ ಹತ್ತಿರವೇ ಕೂತರು. ಒಳಗೆ ಬರಲಿಲ್ಲ. ನಾವು ನೆಲದ ಮೇಲೆ ಮತ್ತೆ ಚಿತ್ರ ಬರೆದೆವು. ಎಲ್ಲಾ ಕೇಳಿಸಿಕೊಂಡು ಕೊನೆಗೆ ಒಂದು ಮಾತು ಕೇಳಿದರು. "ಅರ್ಧ ಅವ್ವಂದು, ಅರ್ಧ ಅಪ್ಪಂದು ಅಂತೀರಿ. ಹಂಗಾದ್ರ ಈ ಮೊಮ್ಮಕ್ಕಳೊಳಗ ನಂದೇನೂ ಇಲ್ಲೇನು?"

ಒಳ್ಳೆಯ ಪ್ರಶ್ನೆ. ನಾವೂ ಅಲ್ಲಿಯವರೆಗೆ ಯೋಚನೆ ಮಾಡಿರಲಿಲ್ಲ. ಮತ್ತೆ ಚಿತ್ರ ನೋಡಿದೆವು.

ಅಜ್ಜಿಯ ಮಗನಲ್ಲಿ ಒಂದು ಎಕ್ಸ್ ಇದೆ, ಒಂದು ವೈ ಇದೆ. ವೈ ಅವನ ಅಪ್ಪನಿಂದ ಬಂದದ್ದು. ಎಕ್ಸ್ ಅವನ ಅವ್ವನಿಂದ ಬಂದದ್ದು, ಅಂದರೆ ಈ ಅಜ್ಜಿಯಿಂದಲೇ. ಆ ಮಗ ತನ್ನ ಹೆಣ್ಣು ಮಕ್ಕಳಿಗೆ ಕೊಡುವುದು ಎಕ್ಸ್. ಅದು ಅಜ್ಜಿಯದೇ ಎಳೆ. ಗಂಡು ಮಗು ಹುಟ್ಟಿದ್ದರೆ ಅದಕ್ಕೆ ಕೊಡುತ್ತಿದ್ದದ್ದು ವೈ. ಅದು ಅಜ್ಜನದು. ಉಳಿದ 22 ಜೋಡಿಯಲ್ಲಿ ಅಜ್ಜಿಯ ಪಾಲು ಎಲ್ಲಾ ಮೊಮ್ಮಕ್ಕಳಿಗೂ ಚೀಟಿ ಎತ್ತಿದ ಹಾಗೆ ಹೋಗ್ತದೆ. ಈ ಒಂದು ಎಳೆ ಮಾತ್ರ ಮಗನ ಹೆಣ್ಣು ಮಕ್ಕಳಿಗೇ. ಮೂವರಿಗೂ ಬಂದಿದೆ.

ಅಜ್ಜಿ ಸುಮ್ಮನೆ ಕೂತಿದ್ದರು. ಸಣ್ಣ ಮೊಮ್ಮಗಳು ಅವರ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. "ಇನ್ನೊಮ್ಮೆ ಹೇಳ್ರಿ ಮೇಷ್ಟ್ರೆ" ಅಂದರು. ಇನ್ನೊಮ್ಮೆ ಹೇಳಿದೆವು.